‘ಹಂದಿಗಳು ಮತ್ತು ಯುದ್ಧನೌಕೆಗಳು’ ನೋಡಿದವರು ಇದ್ದೀರಾ? ಇದಕ್ಕೆ ನಗಬೇಕಾ, ಬೇಡ್ವಾ?

ರಾತ್ರಿಪಾಳಿ:

ಶೊಹೆಯ್ ಇಮಾಮುರಾ ಅವರ ಈ ಸಿನಿಮಾ ನಿನ್ನೆ ರಾತ್ರಿ ನೋಡಿದೆ. ಜಪಾನಿಯಲ್ಲಿ ‘ಬುತಾ ತೊ ಗುಂಕನ್’. 1961ರ ಜನವರಿಯಲ್ಲಿ ಬಂದ ಕಪ್ಪು ಬಿಳುಪು ಚಿತ್ರ, 108 ನಿಮಿಷ. ಮುಗಿದಾಗ ಒಂದೂವರೆ ಗಂಟೆ ರಾತ್ರಿ. ನಿದ್ದೆ ಹತ್ತಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. ಊರು ಯೊಕೊಸುಕಾ, ಟೋಕಿಯೊ ಕೊಲ್ಲಿಯ ಬಂದರು. ಅಮೆರಿಕದ ನೌಕಾನೆಲೆ ಇರುವ ಜಾಗ. ಹಡಗು ಬಂದರೆ ಊರಿಗೆ ಜೀವ ಬರುತ್ತದೆ, ಹೋದರೆ ಬಾರುಗಳು ಖಾಲಿ. ಕಿಂತಾ ಅನ್ನುವ ಹುಡುಗ ಹಿಮೊರಿ ಅನ್ನುವವನ ಗ್ಯಾಂಗಿನಲ್ಲಿ ಚಿಲ್ಲರೆ ಆಳು. ನಾವಿಕರನ್ನು ಬೀದಿಯಿಂದ ಸೂಳೆಮನೆಗೆ ಕರೆದು ತರೋದು ಅವನ ಕೆಲಸ, ಅಂದರೆ ತಲೆಹಿಡುಕನ ಕೆಲಸ. ಆ ದಂಧೆಗೆ ದಾಳಿಯ ಏಟು ಬೀಳುತ್ತದೆ. ಗ್ಯಾಂಗು ಹಂದಿ ಸಾಕೋಕೆ ಇಳಿಯುತ್ತದೆ. ಮೇವಿಗೆ ಏನು? ನೌಕಾನೆಲೆಯ ಅಡುಗೆಮನೆಯಿಂದ ಬರೋ ಮುಸುರೆ. ಸೈನಿಕರು ತಿಂದು ಬಿಟ್ಟ ಎಂಜಲು ಹಂದಿಗೆ, ಹಂದಿಯ ದುಡ್ಡು ರೌಡಿಗಳಿಗೆ, ಅದರಲ್ಲಿ ಬಿದ್ದ ಚೂರುಪಾರು ಕಿಂತಾನಿಗೆ. ಇಷ್ಟು ಹೊತ್ತಿಗೆ ಇಡೀ ಊರಿನ ಬಾಳು ಹೇಗೆ ನಡೆಯುತ್ತಿದೆ ಅಂತ ಅರ್ಥ ಆಗಿಬಿಡುತ್ತದೆ.

ಕಿಂತಾನ ಹುಡುಗಿ ಹರುಕೊ. ಬಾರಿನಲ್ಲಿ ಕೆಲಸ. ಅವಳ ಮನೆಯವರಿಗೆ ಅವಳು ಒಬ್ಬ ಅಮೆರಿಕನ್ನನಿಗೆ ಇಟ್ಟುಕೊಂಡವಳಾಗಿ ಹೋಗಲಿ ಅನ್ನೋ ಆಸೆ. ಅವಳಿಗೆ ಕಿಂತಾನನ್ನು ಕರೆದುಕೊಂಡು ಕವಾಸಾಕಿಗೆ ಹೋಗಿ ಕಾರ್ಖಾನೆಯಲ್ಲಿ ದುಡಿಯೋ ಆಸೆ.

ಈಗ ನನ್ನ ಪ್ರಶ್ನೆ. ಗ್ಯಾಂಗಿನವರು ಒಂದು ಕೊಲೆ ಮಾಡಿರುತ್ತಾರೆ. ಹೆಣ ಸಾಗಿಸೋಕೆ ಒಬ್ಬನಿಗೆ ಹೇಳಿರುತ್ತಾರೆ. ಆಮೇಲೆ ಎಲ್ಲರೂ ಸುತ್ತ ಕೂತು ಹಂದಿ ಮಾಂಸ ತಿನ್ನುತ್ತಿದ್ದಾರೆ. ಒಬ್ಬನ ಬಾಯಿಗೆ ಗಟ್ಟಿಯಾಗಿ ಏನೋ ಸಿಗುತ್ತದೆ. ತೆಗೆದು ನೋಡಿದರೆ ಕಟ್ಟಿಸಿದ ಹಲ್ಲು. ಹೆಣ ಎಲ್ಲಿಗೆ ಹೋಯಿತು ಅಂತ ಆಗ ಹೊಳೆಯುತ್ತದೆ. ನಾನು ಜೋರಾಗಿ ನಕ್ಕೆ. ಐದು ನಿಮಿಷ ಆದ ಮೇಲೆ ನಕ್ಕಿದ್ದಕ್ಕೆ ಕಸಿವಿಸಿ ಆಯಿತು. ಇವರು ಇಮಾಮುರಾಗೆ ಮನುಷ್ಯರೋ, ಪ್ರಾಣಿಗಳೋ? ಬಡವರನ್ನು ತೋರಿಸಿ ನಮ್ಮನ್ನು ನಗಿಸಿದರಾ? ನಿಮಗೆ ಏನನಿಸಿತು, ಹೇಳಿ.

ಹಳೇ ರೀಲು:

ಒಳ್ಳೇ ಪ್ರಶ್ನೆ. ನಾನು ಮೂರು ಸಲ ನೋಡಿದ್ದೇನೆ. ನನ್ನ ಉತ್ತರ: ನಗಬೇಕು. ಆ ಮನುಷ್ಯ ದೂರದಲ್ಲಿ ನಿಂತು ಬೆರಳು ತೋರಿಸಿ ನಗಿಸುತ್ತಿಲ್ಲ.

ಇಮಾಮುರಾ ಹುಟ್ಟಿದ್ದು 1926ರಲ್ಲಿ, ಟೋಕಿಯೊದಲ್ಲಿ, ಡಾಕ್ಟರ ಮಗನಾಗಿ. ಅನುಕೂಲಸ್ಥ ಮನೆ. ಯುದ್ಧ ಮುಗಿದಾಗ ವಯಸ್ಸು ಹತ್ತೊಂಬತ್ತೂ ತುಂಬಿರಲಿಲ್ಲ. ವಾಸೆದಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಕಾಳಸಂತೆಯಲ್ಲಿ ಸಿಗರೇಟು, ಹೆಂಡ ಮಾರಿ ದುಡ್ಡು ಮಾಡಿದವರು. ಸೂಳೆಯರು, ಪುಂಡರು, ದಳ್ಳಾಳಿಗಳು ಅವರಿಗೆ ಆಗಿನಿಂದಲೇ ಒಡನಾಡಿಗಳು. ಆ ಕಾಲದ ಬಗ್ಗೆ ಅವರು ಯಾವತ್ತೂ ನಾಚಿಕೆಪಟ್ಟು ಮಾತಾಡಲಿಲ್ಲ. ಮನುಷ್ಯನ ದೇಹದ ಕೆಳಭಾಗಕ್ಕೂ ಸಮಾಜದ ಕೆಳಭಾಗಕ್ಕೂ ಇರೋ ನಂಟು ತನಗೆ ಬೇಕಾದ ವಿಷಯ ಅಂತ ಹೇಳಿಕೊಂಡವರು ಅವರು.

1951ರಲ್ಲಿ ಶೊಚಿಕು ಸ್ಟುಡಿಯೋ ಸೇರಿದರು. ಅಲ್ಲಿ ಹೆಸರಾಂತ ನಿರ್ದೇಶಕ ಯಸುಜಿರೊ ಒಜು ಅವರಿಗೆ ಸಹಾಯಕ, ‘ಟೋಕಿಯೊ ಸ್ಟೋರಿ’ ಸೇರಿ ಮೂರು ಚಿತ್ರಗಳಿಗೆ. ಆ ಶಿಸ್ತು ಇವರಿಗೆ ಒಗ್ಗಲಿಲ್ಲ. ನಟರು ಕೈ ಎಷ್ಟು ಎತ್ತಬೇಕು, ಯಾವಾಗ ತಲೆ ತಿರುಗಿಸಬೇಕು, ಎಲ್ಲಕ್ಕೂ ಅಳತೆ. 1954ರಲ್ಲಿ ನಿಕ್ಕತ್ಸು ಸ್ಟುಡಿಯೋಗೆ ಹೋದರು. ಅಲ್ಲಿ ನಿರ್ದೇಶಕ ಯುಜೊ ಕವಾಶಿಮಾ ಅವರ ಕೈಕೆಳಗೆ ಕೆಲಸ ಮಾಡಿದರು. ಬಾಯಿಬಡುಕ ಜನ, ಇಕ್ಕಟ್ಟಿನ ಮನೆ, ಒಂದೇ ಫ್ರೇಮಿನಲ್ಲಿ ಹತ್ತು ಜನರ ಗಲಾಟೆ, ಈ ಹದ ಸಿಕ್ಕಿದ್ದು ಅಲ್ಲಿ.

ಒಜು ಚಿತ್ರದಲ್ಲಿ ತಟ್ಟೆಯಲ್ಲಿ ಏನಿದೆ ಅಂತ ಕಾಣುತ್ತದೆ. ಇಮಾಮುರಾ ಚಿತ್ರದಲ್ಲಿ ತಟ್ಟೆ ತೊಳೆದ ನೀರು ಎಲ್ಲಿಗೆ ಹೋಯಿತು ಅಂತ ಕಾಣುತ್ತದೆ. ಎರಡೂ ಒಂದೇ ದೇಶ, ಎರಡೂ ನಿಜ.

ಪಾಠದ ಮೇಷ್ಟ್ರು:

ಇತಿಹಾಸ ಹೇಳಿಕೊಟ್ಟು ಬದುಕಿದವನು ನಾನು. ಆ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಯುದ್ಧ ಸೋತ ಮೇಲೆ ಜಪಾನಿನಲ್ಲಿ ರೇಷನ್ ನಂಬಿಕೊಂಡು ಬದುಕೋಕೆ ಆಗುತ್ತಿರಲಿಲ್ಲ. ಇದು ಉತ್ಪ್ರೇಕ್ಷೆ ಅಲ್ಲ. ಯೊಶಿತಾದಾ ಯಮಗುಚಿ ಅಂತ ಟೋಕಿಯೊದಲ್ಲಿ ಒಬ್ಬ ಜಡ್ಜ್ ಇದ್ದರು. ಕಾಳಸಂತೆಯಲ್ಲಿ ಸಿಕ್ಕಿಬಿದ್ದವರ ಕೇಸುಗಳು ಅವರ ಮುಂದೆ ಬರುತ್ತಿದ್ದವು. ತಾನು ಶಿಕ್ಷೆ ಕೊಡುವ ತಪ್ಪನ್ನು ತಾನೇ ಮಾಡಬಾರದು ಅಂತ ಅವರು ಕಾಳಸಂತೆಯ ಆಹಾರ ಮುಟ್ಟಲಿಲ್ಲ. 1947ರ ಅಕ್ಟೋಬರಿನಲ್ಲಿ ಸತ್ತರು. ವಯಸ್ಸು 33. ಹಸಿವಿನಿಂದ ಸತ್ತ ನ್ಯಾಯಾಧೀಶ! ಅಂದರೆ ಬದುಕಿ ಉಳಿದ ಬೇರೆ ಎಲ್ಲರೂ ಒಂದಲ್ಲ ಒಂದು ರೀತಿ ಕಾನೂನು ಮುರಿದವರೇ. ಇಮಾಮುರಾಗೆ ಇದು ಗೊತ್ತಿತ್ತು. ಅದಕ್ಕೇ ಈ ಚಿತ್ರದಲ್ಲಿ ಕಳ್ಳನನ್ನು ಕಂಡು ಮೂಗು ಮುರಿಯೋರು ಯಾರೂ ಇಲ್ಲ.

ಆದರೆ ಒಂದು ವಿಷಯ ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಈ ಚಿತ್ರ 1946ರ ಹಸಿವಿನ ಕಥೆ ಅಲ್ಲ. ಸೋತ ಜಪಾನಿನ ಮೇಲಿದ್ದ ಅಮೆರಿಕದ ಆಡಳಿತ 1952ರ ಏಪ್ರಿಲ್ 28ಕ್ಕೇ ಮುಗಿದಿತ್ತು. ಕೊರಿಯಾ ಯುದ್ಧದ ಆರ್ಡರುಗಳಿಂದ ಕಾರ್ಖಾನೆಗಳು ಚೇತರಿಸಿಕೊಂಡಿದ್ದವು. 1958ರಿಂದ ಸೂಳೆಗಾರಿಕೆ ತಡೆ ಕಾಯ್ದೆಯಲ್ಲಿ ಶಿಕ್ಷೆಯೂ ಜಾರಿಗೆ ಬಂದಿತ್ತು. ಕಾಗದದ ಮೇಲೆ ಎಲ್ಲ ಸರಿಹೋಗಿತ್ತು. 1960ರ ಡಿಸೆಂಬರ್ ಕೊನೆಗೆ ಪ್ರಧಾನಿ ಇಕೆದಾ ಅವರ ಸರ್ಕಾರ ಹತ್ತು ವರ್ಷದಲ್ಲಿ ದೇಶದ ಆದಾಯ ಎರಡರಷ್ಟು ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದಾಗಿ ಒಂದು ತಿಂಗಳೂ ಆಗುವ ಮೊದಲು ಈ ಹಂದಿಗಳು ತೆರೆಗೆ ಬಂದವು.

ಅದಕ್ಕೂ ಹಿಂದಿನ ಬೇಸಿಗೆ ನೆನಪಿಸಿಕೊಳ್ಳಿ. ಅಮೆರಿಕದ ಸೇನಾನೆಲೆಗಳು ಜಪಾನಿನಲ್ಲಿ ಇರೋಕೆ ಬಿಡುವ ಭದ್ರತಾ ಒಪ್ಪಂದದ ವಿರುದ್ಧ ಲಕ್ಷಾಂತರ ಜನ ಬೀದಿಗೆ ಇಳಿದಿದ್ದರು. 1960ರ ಜೂನ್ 15ರಂದು ಸಂಸತ್ತಿನ ಆವರಣದಲ್ಲಿ ಮಿಚಿಕೊ ಕನ್ಬಾ ಅನ್ನುವ ವಿದ್ಯಾರ್ಥಿನಿ ಸತ್ತಳು. ನಾಲ್ಕು ದಿನಕ್ಕೆ ಒಪ್ಪಂದ ತಾನೇತಾನಾಗಿ ಊರ್ಜಿತವಾಯಿತು. ನೆಲೆಗಳು ಉಳಿದವು. ಆ ಸೋಲಿನ ಬಿಸಿ ಇನ್ನೂ ಆರಿರಲಿಲ್ಲ. ಇಷ್ಟು ಗೊತ್ತಿದ್ದು ನೋಡಿದರೆ ಮುಸುರೆಯ ಡಬ್ಬ ಬರೀ ಮುಸುರೆಯ ಡಬ್ಬ ಆಗಿ ಕಾಣೋದಿಲ್ಲ.

ಸೀತಾಳೆದಂಡೆ:

ಎಲ್ಲರೂ ಕಿಂತಾನ ಬಗ್ಗೆ, ಹಂದಿ ಬಗ್ಗೆ, ಒಪ್ಪಂದದ ಬಗ್ಗೆ ಬರೆದಿರಿ. ಹರುಕೊ ಬಗ್ಗೆ ಒಬ್ಬರೂ ನಿಂತು ಮಾತಾಡಲಿಲ್ಲ. ನನಗೆ ಇದು ಅವಳ ಸಿನಿಮಾ.

ಹೋಟೆಲಿನ ದೃಶ್ಯದ ಬಗ್ಗೆ ಹೇಳಲೇಬೇಕು. ಕಿಂತಾನ ಮೇಲಿನ ಸಿಟ್ಟಿಗೆ ಅವಳು ಕುಡಿದು ಮೂವರು ನಾವಿಕರ ಜೊತೆ ಹೋಗುತ್ತಾಳೆ. ಅವರು ಅವಳ ಮೇಲೆ ಅತ್ಯಾಚಾರ ಮಾಡುತ್ತಾರೆ. ಆಗ ಕ್ಯಾಮೆರಾ ಚಾವಣಿಗೆ ಹೋಗಿ, ಕೋಣೆಯನ್ನು ಮೇಲಿನಿಂದ ನೋಡುತ್ತಾ ಗರಗರ ಸುತ್ತುತ್ತದೆ. ಅವಳ ಮೈ ನಮಗೆ ಕಾಣೋದಿಲ್ಲ. ಮೊದಲ ಸಲ ನೋಡಿದಾಗ ನನಗೆ ತುಂಬಾ ಕೋಪ ಬಂತು. ಇಂಥ ಹೊತ್ತಲ್ಲಿ ಕ್ಯಾಮೆರಾದ ಕಸರತ್ತು ಯಾಕೆ ಬೇಕಿತ್ತು ಅಂತ. ಆಮೇಲೆ ಯೋಚಿಸಿದರೆ, ಹತ್ತಿರ ಹೋಗಿ ತೋರಿಸಿದ್ದರೆ ಅದು ನೋಡೋ ಗಂಡಸರ ಸುಖಕ್ಕೆ ಆಗಿಬಿಡುತ್ತಿತ್ತು. ಇಲ್ಲಿ ತಲೆ ಸುತ್ತುತ್ತದೆ, ಅಷ್ಟೇ. ಆದರೂ ನನ್ನ ಕೋಪ ಪೂರ್ತಿ ಹೋಗಿಲ್ಲ. ಹೋಗಬೇಕು ಅಂತಲೂ ನನಗೆ ಅನಿಸಿಲ್ಲ.

ಅದಾದ ಮೇಲೆ ಅವಳು ಏನು ಮಾಡುತ್ತಾಳೆ ನೋಡಿ. ಅವರ ದುಡ್ಡು ಎತ್ತಿಕೊಂಡು ಓಡುತ್ತಾಳೆ. ಸಿಕ್ಕಿಬೀಳುತ್ತಾಳೆ. ಆದರೆ ಮುರಿದು ಬೀಳೋದಿಲ್ಲ. ಮತ್ತೆ ಕಿಂತಾನ ಹತ್ತಿರ ಬಂದು ಕವಾಸಾಕಿ ಮಾತೇ ಎತ್ತುತ್ತಾಳೆ.

ಗರ್ಭ ತೆಗೆಸುವ ವಿಷಯವೂ ಇದೆ. ಅದನ್ನು ಯಾರೂ ದೊಡ್ಡ ದುರಂತದಂತೆ ತೋರಿಸೋದಿಲ್ಲ. ದುಡ್ಡು ಹೊಂದಿಸಬೇಕಾದ ಇನ್ನೊಂದು ಖರ್ಚು, ಅಷ್ಟೇ. ಆಗಿನ ಜಪಾನಿನಲ್ಲಿ ಅದು ಹಾಗೇ ಇತ್ತು. 1948ರಲ್ಲಿ ಕಾನೂನು ಬಂತು, 1949ರಲ್ಲಿ ಬಡತನದ ಕಾರಣಕ್ಕೂ ತೆಗೆಸಬಹುದು ಅಂತಾಯಿತು. 1955ರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದೇ 11 ಲಕ್ಷಕ್ಕೂ ಜಾಸ್ತಿ. ಆ ಲಕ್ಷಾಂತರ ಹೆಂಗಸರಲ್ಲಿ ಹರುಕೊ ಒಬ್ಬಳು.

ಈ ಪಾತ್ರ ಮಾಡಿದ ಜಿತ್ಸುಕೊ ಯೊಶಿಮುರಾ ಅವರಿಗೆ ಇದೇ ಮೊದಲ ಚಿತ್ರ. ಇನ್ನೂ ಹೈಸ್ಕೂಲ್ ಹುಡುಗಿ. ಆ ಗುಂಡು ಮುಖ, ತುಟಿ ಬಿಗಿದುಕೊಂಡು ನಡೆಯೋ ರೀತಿ, ನಟನೆ ಅಂತ ಅನಿಸೋದೇ ಇಲ್ಲ. ರಾತ್ರಿಪಾಳಿ, ನೀವು ಮನುಷ್ಯರೋ ಪ್ರಾಣಿಗಳೋ ಅಂತ ಕೇಳಿದಿರಲ್ಲ. ಅವಳ ಮುಖ ನೋಡಿದ ಮೇಲೂ ಈ ಪ್ರಶ್ನೆ ಉಳಿಯುತ್ತಾ?

ರಾತ್ರಿಪಾಳಿ:

ಅಕ್ಕ, ನಿಮ್ಮ ಮಾತು ನಾಟಿತು. ನಾನು ಹರುಕೊನ ಬಗ್ಗೆ ಎರಡು ಸಾಲು ಬರೆದು ಮುಂದೆ ಹೋಗಿಬಿಟ್ಟೆ. ಗ್ಯಾಂಗಿನ ಗಲಾಟೆಯಲ್ಲಿ ಅವಳು ಸುಮ್ನೆ ಬಂದು ಹೋಗೋ ಹಾಗೆ ಕಾಣುತ್ತಾಳೆ. ಇಂದು ಮತ್ತೆ ಹಾಕಿ ನೋಡುತ್ತೇನೆ.

ಯೊಕೊಹಾಮಾ ಕನ್ನಡಿಗ:

ಆರು ವರ್ಷದಿಂದ ಯೊಕೊಹಾಮಾದಲ್ಲಿದ್ದೇನೆ. ಈ ಸಿನಿಮಾ ನೋಡಿದ ಮರುವಾರವೇ ಕೆಯ್ಕ್ಯು ರೈಲು ಹತ್ತಿ ಯೊಕೊಸುಕಾಗೆ ಹೋಗಿಬಂದೆ. ಇಲ್ಲಿಂದ ಸುಮಾರು ಅರ್ಧ ಗಂಟೆ. ಶಿಯೊಇರಿ ಸ್ಟೇಷನ್ನಿನಲ್ಲಿ ಇಳಿದರೆ ನಡೆಯೋ ದೂರದಲ್ಲೇ ನೌಕಾನೆಲೆಯ ಬೇಲಿ. ಅಮೆರಿಕದ ಏಳನೇ ನೌಕಾಪಡೆ ಈಗಲೂ ಅಲ್ಲೇ ಇದೆ.

ನೆಲೆಯ ಪಕ್ಕದಲ್ಲೇ ದೊಬುಇತಾ ಬೀದಿ. ‘ದೊಬು’ ಅಂದರೆ ಚರಂಡಿ, ‘ಇತಾ’ ಅಂದರೆ ಹಲಗೆ. ಹಿಂದೆ ಬೀದಿಯ ನಡುವೆ ಹರಿಯುತ್ತಿದ್ದ ಚರಂಡಿಗೆ ಹಲಗೆ ಮುಚ್ಚಿದ್ದರಿಂದ ಬಂದ ಹೆಸರು. ಸಿನಿಮಾ ನೋಡಿ ಹೋದವನಿಗೆ ಆ ಹೆಸರು ಕೇಳಿಯೇ ಮೈ ಜುಮ್ಮೆಂದಿತು. ಈಗ ಬೀದಿ ಚೊಕ್ಕವಾಗಿದೆ. ಬರ್ಗರ್ ಅಂಗಡಿ, ಡಾಲರ್ ತೆಗೆದುಕೊಳ್ಳೋ ಬಾರು, ಜಾಕೆಟ್ಟಿನ ಅಂಗಡಿಗಳು.

ಆ ಜಾಕೆಟ್ಟಿಗೆ ‘ಸುಕಾಜನ್’ ಅನ್ನುತ್ತಾರೆ. ಮಿರಿಮಿರಿ ಮಿಂಚೋ ಬಟ್ಟೆ, ಬೆನ್ನ ಮೇಲೆ ಹುಲಿಯೋ ಡ್ರ್ಯಾಗನ್ನೋ ಹದ್ದೋ ಕಸೂತಿಯಲ್ಲಿ. ಯುದ್ಧದ ನಂತರ ಅಮೆರಿಕದ ಸೈನಿಕರು ಊರಿಗೆ ನೆನಪಿಗೆ ಅಂತ ಒಯ್ಯಲು ಹೊಲಿಸಿದ್ದು. ಸಿನಿಮಾದಲ್ಲಿ ಕಿಂತಾ ಹಾಕಿಕೊಂಡು ಮೆರೆಯೋದು ಇದನ್ನೇ. ಒಂದು ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊರಗಿನಿಂದ ಹುಲಿಯ ಕಣ್ಣು ಜೀವಂತ. ಒಳಗೆ ತಿರುಗಿಸಿದರೆ ನುಣ್ಣನೆ ಅಸ್ತರಿ. ಮೈಮೇಲೆ ಹಾಕಿ ನೋಡಿ ಅಂತ ಅಂಗಡಿಯಾಕೆ ಹೇಳಿದರು, ಹಾಕಿದೆ. ಒಂಥರಾ ಎದೆ ಅಗಲ ಆದ ಹಾಗೆ ಅನಿಸಿತು. ಆಗ ಕಿಂತಾ ಅರ್ಥವಾದ. ಮನೆಯಲ್ಲಿ ಏನೂ ಇಲ್ಲದ ಹುಡುಗ ಇದನ್ನು ಹಾಕಿಕೊಂಡು ಬೀದಿಯಲ್ಲಿ ನಡೆದರೆ ತಾನೇ ದೊಡ್ಡ ಮನುಷ್ಯ ಅಂದುಕೊಳ್ಳೋದು ತಪ್ಪಾ?

ಇನ್ನೊಂದು ವಿಷಯ. ಅಲ್ಲೇ ಹತ್ತಿರ ‘ಮಿಕಾಸಾ’ ಅನ್ನೋ ಹಳೇ ಯುದ್ಧನೌಕೆ ಇದೆ. 1905ರ ಮೇ ತಿಂಗಳಲ್ಲಿ ತ್ಸುಶಿಮಾದಲ್ಲಿ ರಷ್ಯದ ಪಡೆಯನ್ನು ಮಣಿಸಿದ ಅಡ್ಮಿರಲ್ ತೊಗೊ ನಿಂತಿದ್ದ ಹಡಗು. 1926ರಿಂದ ಸ್ಮಾರಕ. ಎರಡನೇ ಮಹಾಯುದ್ಧ ಸೋತ ಮೇಲೆ ಅದರ ಗತಿ ಏನಾಯಿತು ಗೊತ್ತಾ? ತೋಪುಗಳನ್ನು, ಹೊಗೆಕೊಳವೆಗಳನ್ನು ಕಿತ್ತರು. ಅದರ ಮೇಲೆ ಡ್ಯಾನ್ಸ್ ಹಾಲ್ ಕಟ್ಟಿದರು, ಮೀನು ತೋರಿಸೋ ಅಕ್ವೇರಿಯಂ ಮಾಡಿದರು. ಆಮೇಲೆ ರಿಪೇರಿ ಮಾಡಿ ಮತ್ತೆ ತೆರೆದಿದ್ದು 1961ರ ಮೇ 27ರಂದು. ಅಂದರೆ ಈ ಸಿನಿಮಾ ಬಂದು ನಾಲ್ಕು ತಿಂಗಳಿಗೆ, ಅದೇ ಊರಲ್ಲಿ! ಒಂದು ಕಡೆ ಹಳೇ ಹಡಗಿಗೆ ಬಣ್ಣ ಹೊಡೆದು ಮಾನ ವಾಪಸ್ ತರುತ್ತಿದ್ದಾರೆ, ಇನ್ನೊಂದು ಕಡೆ ಇಮಾಮುರಾ ಅದೇ ಊರಿನ ಬೀದಿಗೆ ಹಂದಿ ಬಿಡುತ್ತಿದ್ದಾರೆ.

ಕಡಲತಡಿ:

ನನಗೆ ಒಂದು ತಕರಾರು ಇದೆ. ನೀವೆಲ್ಲ ಅಮೆರಿಕದ ನೆಲೆ, ಒಪ್ಪಂದ ಅಂತ ಹೇಳುತ್ತಿದ್ದೀರಿ. ಆದರೆ ಚಿತ್ರದಲ್ಲಿ ಅಮೆರಿಕನ್ನರಿಗೆ ಮುಖವೇ ಇಲ್ಲ. ಕುಡಿಯೋದು, ಕೂಗೋದು, ಹೆಂಗಸರನ್ನು ಎಳೆಯೋದು ಅಷ್ಟೇ. ಇದು ಪಕ್ಷಪಾತ ಅಲ್ವಾ? ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟಿದ ಹಾಗಾಗಲಿಲ್ವಾ?

ಹಳೇ ರೀಲು:

ಮುಖ ಇಲ್ಲ ಅನ್ನೋದು ನಿಜ. ಆದರೆ ತಪ್ಪನ್ನು ಅವರ ತಲೆಗೆ ಕಟ್ಟಿದ್ದಾರೆ ಅನ್ನೋದನ್ನು ಒಪ್ಪಲಾರೆ. ಲೆಕ್ಕ ಹಾಕಿ ನೋಡಿ. ಕಿಂತಾನ ತಲೆಗೆ ಕೊಲೆ ಆರೋಪ ಕಟ್ಟಿ ಜೈಲಿಗೆ ಕಳಿಸೋಕೆ ನೋಡೋರು ಯಾರು? ಅವನ ಅಣ್ಣಂದಿರು ಅನಿಸಿಕೊಂಡ ಗ್ಯಾಂಗಿನವರು. ಹರುಕೊಳನ್ನು ಡಾಲರಿಗೆ ಒಪ್ಪಿಸೋಕೆ ತಯಾರಾದವರು ಯಾರು? ಹೆತ್ತ ತಾಯಿ, ಒಡಹುಟ್ಟಿದ ಅಕ್ಕ. ಇಮಾಮುರಾಗೆ ಸಿಟ್ಟು ಇರೋದು ಮುಸುರೆ ಸುರಿದವರ ಮೇಲಿಗಿಂತ, ಅದನ್ನು ಹಂಚಿಕೊಳ್ಳೋಕೆ ಒಬ್ಬರನ್ನೊಬ್ಬರು ಕಚ್ಚಿ ತಿನ್ನುವವರ ಮೇಲೆ. ಮಾತು ಗಟ್ಟಿಯಾಯಿತು ಅನಿಸಿದರೆ ಕ್ಷಮಿಸಿ, ಆದರೆ ನನಗೆ ಚಿತ್ರ ಹಿಡಿದಿಟ್ಟಿದ್ದೇ ಇದರಿಂದ.

ತೆತ್ಸುಜಿಯನ್ನೇ ತೆಗೆದುಕೊಳ್ಳಿ, ತೆತ್ಸುರೊ ತಂಬಾ ಮಾಡಿದ ಪಾತ್ರ. ಕಿಂತಾ ದೇವರ ಹಾಗೆ ನೋಡೋ ರೌಡಿ. ಹೊಟ್ಟೆನೋವು ಬರುತ್ತದೆ, ಕ್ಯಾನ್ಸರ್ ಅಂತ ತಿಳಿದುಕೊಳ್ಳುತ್ತಾನೆ. ರೈಲಿಗೆ ತಲೆಕೊಡೋಕೆ ಹೋಗುತ್ತಾನೆ, ಧೈರ್ಯ ಬರೋದಿಲ್ಲ. ತನ್ನನ್ನು ಕೊಲ್ಲು ಅಂತ ಇನ್ನೊಬ್ಬನಿಗೆ ತಾನೇ ಹೇಳಿಟ್ಟುಕೊಳ್ಳುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅದು ಕ್ಯಾನ್ಸರ್ ಅಲ್ಲ, ಬರೀ ಹೊಟ್ಟೆಹುಣ್ಣು. ಈಗ ಬದುಕೋ ಆಸೆ, ಆದರೆ ಕೊಲ್ಲೋಕೆ ಹೇಳಿಟ್ಟವನು ಇದ್ದಾನೆ! ಬೇರೆಯವರ ಪ್ರಾಣಕ್ಕೆ ಬೆಲೆ ಕೊಡದವನು ತನ್ನ ಪ್ರಾಣಕ್ಕೆ ಹೀಗೆ ಒದ್ದಾಡುವಾಗ ನಗು ಬರಲೇಬೇಕು. ಬಂದರೆ ಕಸಿವಿಸಿ ಬೇಡ.

ಪಾಠದ ಮೇಷ್ಟ್ರು:

ಹೌದು. ಹಂದಿಗಳು ಬೀದಿಗೆ ನುಗ್ಗೋ ದೃಶ್ಯವೂ ಹಾಗೇ. ಕಿಂತಾ ಮಷಿನ್‌ಗನ್ ಹಿಡಿದು ಕುರುಡಾಗಿ ಹೊಡೆಯುತ್ತಾನೆ, ಲಾರಿಯ ಹಂದಿಗಳನ್ನು ಬಿಟ್ಟುಬಿಡುತ್ತಾನೆ. ಬಾರುಗಳ ಬೀದಿಯ ತುಂಬ ಹಂದಿಯೋ ಹಂದಿ. ರೌಡಿಗಳು ಅವುಗಳ ಕಾಲಡಿ ಸಿಕ್ಕಿ ನಜ್ಜುಗುಜ್ಜಾಗುತ್ತಾರೆ. ಶಿನ್ಸಾಕು ಹಿಮೆದಾ ಅವರ ಕ್ಯಾಮೆರಾ ಆ ಅಗಲವಾದ ಪರದೆಯನ್ನು ಒಂದಿಂಚೂ ಖಾಲಿ ಬಿಟ್ಟಿಲ್ಲ. ನೋಡುವಾಗ ಹಬ್ಬ. ಆದರೆ ಅಷ್ಟರಲ್ಲಿ ಕಿಂತಾನಿಗೂ ಗುಂಡು ಬಿದ್ದಿರುತ್ತದೆ. ತೆವಳಿಕೊಂಡು ಹೋಗಿ ಕಕ್ಕಸಿನ ಗುಂಡಿಗೆ ತಲೆಯಿಟ್ಟು ಸಾಯುತ್ತಾನೆ. ಮಿಂಚೋ ಜಾಕೆಟ್ಟಿನ ಹುಡುಗನ ಕೊನೆ ಅದು. ಅಲ್ಲಿ ನನಗೆ ನಗು ನಿಂತಿತು. ನಿಲ್ಲಲಿ ಅಂತಲೇ ಅವರು ಮಾಡಿದ್ದು.

ಈ ಚಿತ್ರಕ್ಕೆ ಸ್ಟುಡಿಯೋ ಅಂದುಕೊಂಡಿದ್ದಕ್ಕಿಂತ ದುಡ್ಡು ಜಾಸ್ತಿ ಹೋಯಿತು. ಇಮಾಮುರಾ ಎರಡು ವರ್ಷ ಬೇರೆ ಚಿತ್ರ ನಿರ್ದೇಶಿಸೋಕೆ ಆಗಲಿಲ್ಲ. ಮುಂದಿನದು 1963ರ ‘ಕೀಟ ಹೆಣ್ಣು’. ಅದರಲ್ಲೂ ನಡುವೆ ನಿಂತವಳು ಹೆಂಗಸೇ.

ಸೀತಾಳೆದಂಡೆ:

ಕೊನೆಯ ಬಗ್ಗೆ ಮಾತಾಡೋಣ. ಹರುಕೊ ಒಂದು ಚೀಲ ಹಿಡಿದು ಸ್ಟೇಷನ್ ಕಡೆ ಹೊರಡುತ್ತಾಳೆ. ಅದೇ ಹೊತ್ತಿಗೆ ಹೊಸ ಹಡಗು ಬಂದಿದೆ. ಹೆಂಗಸರೆಲ್ಲ ಅಲಂಕಾರ ಮಾಡಿಕೊಂಡು ಬಂದರಿನ ಕಡೆ ಓಡುತ್ತಿದ್ದಾರೆ. ಅವಳೊಬ್ಬಳೇ ಎದುರು ದಿಕ್ಕಿಗೆ. ಅವಳ ಗಂಡು ಸತ್ತಿದ್ದಾನೆ, ಮನೆಯವರು ಬೇಡ ಅಂತಿದ್ದಾರೆ, ಕವಾಸಾಕಿಯಲ್ಲಿ ಸಿಗೋದು ಕಾರ್ಖಾನೆಯ ಕೂಲಿ. ಆದರೂ ಹೋಗುತ್ತಾಳೆ. ಇದಕ್ಕಿಂತ ದೊಡ್ಡ ಧೈರ್ಯ ನಾನು ಸಿನಿಮಾದಲ್ಲಿ ಕಂಡಿಲ್ಲ.

ಯೊಕೊಹಾಮಾ ಕನ್ನಡಿಗ:

ಅಕ್ಕ, ಇದನ್ನು ಪೂರ್ತಿ ಒಪ್ಪೋಕೆ ನನಗೆ ಆಗುತ್ತಿಲ್ಲ. ಕವಾಸಾಕಿಯ ಕಾರ್ಖಾನೆಗಳ ಹೊಗೆಯಲ್ಲಿ ಅರವತ್ತರ ದಶಕದಲ್ಲಿ ಎಷ್ಟೋ ಜನಕ್ಕೆ ಉಬ್ಬಸ ಬಂತು. ಅವಳು ಒಂದು ಕೆಸರಿನಿಂದ ಎದ್ದು ಹೋಗಿದ್ದು ಹೊಗೆಗೆ. ಮತ್ತೆ ಬಂದರಿನ ಕಡೆ ಓಡಿದ ಹೆಂಗಸರನ್ನು ನಾವು ಸುಮ್ನೆ ಕೀಳಾಗಿ ನೋಡೋ ಹಾಗೆ ಆಗಬಾರದು. ಅವರಿಗೂ ಮನೆಯಲ್ಲಿ ತಿನ್ನೋ ಬಾಯಿಗಳು ಇದ್ದವು.

ಸೀತಾಳೆದಂಡೆ:

ಅವರನ್ನು ಕೀಳಾಗಿ ನೋಡಿ ಅಂತ ನಾನೆಲ್ಲಿ ಹೇಳಿದೆ ತಮ್ಮಾ? ಅವಳು ತನ್ನ ದಾರಿ ತಾನೇ ಆರಿಸಿಕೊಂಡಳು ಅಂದೆ. ಚಿತ್ರದ ಉದ್ದಕ್ಕೂ ಅವಳ ಮೈಗೆ ಬೇರೆಯವರು ಬೆಲೆ ಕಟ್ಟುತ್ತಿದ್ದರು. ಸ್ಟೇಷನ್ನಿಗೆ ಹೋಗುವಾಗ ಮೊದಲ ಸಲ ಅವಳ ಕಾಲು ಅವಳ ಮಾತು ಕೇಳಿದೆ. ಕವಾಸಾಕಿಯಲ್ಲಿ ಏನು ಕಾದಿದೆಯೋ, ಅದು ಬೇರೆ ಮಾತು.

ಆದರೆ ನಿಮ್ಮ ಮಾತಿಗೆ ಇಮಾಮುರಾ ಅವರೇ ಉತ್ತರ ಕೊಟ್ಟಿದ್ದಾರೆ. 1970ರಲ್ಲಿ ಅದೇ ಯೊಕೊಸುಕಾಗೆ ಮತ್ತೆ ಹೋಗಿ ಒಂದು ಸಾಕ್ಷ್ಯಚಿತ್ರ ಮಾಡಿದರು, ಬಾರ್ ನಡೆಸೋ ಹೆಂಗಸೊಬ್ಬಳು ಹೇಳುವ ಯುದ್ಧಾನಂತರದ ಜಪಾನಿನ ಕಥೆ. ಅವಳ ಮುಂದೆ ಹಳೇ ಸುದ್ದಿಚಿತ್ರಗಳನ್ನು ಹಾಕುತ್ತಾರೆ. ಪರದೆಯ ಮೇಲೆ ಚಳವಳಿ, ದೊಡ್ಡವರ ಮುಖಗಳು. ಅವಳು ಹೇಳೋದು ತನ್ನ ಗಂಡಸರ ಕಥೆ, ದುಡ್ಡಿನ ಕಥೆ, ಮಕ್ಕಳ ಕಥೆ. ದೇಶದ ಇತಿಹಾಸ ಅವಳ ಪಕ್ಕದಲ್ಲಿ ಹರಿದು ಹೋಗುತ್ತದೆ, ಅವಳು ತಲೆ ಕೆಡಿಸಿಕೊಳ್ಳೋದಿಲ್ಲ. ಕೊನೆಗೆ ಅಮೆರಿಕದ ನಾವಿಕನನ್ನು ಮದುವೆಯಾಗಿ ಅಲ್ಲಿಗೇ ಹೊರಡುತ್ತಾಳೆ. ಬಂದರಿನ ಕಡೆ ಓಡಿದವರಲ್ಲಿ ಒಬ್ಬಳು ಮಾತಾಡಿದರೆ ಹೇಗಿರುತ್ತದೋ ಹಾಗಿದೆ. ಎರಡನ್ನೂ ಒಟ್ಟಿಗೆ ನೋಡಬೇಕು.

ರಾತ್ರಿಪಾಳಿ:

ಈಗ ತಾನೇ ಎರಡನೇ ಸಲ ನೋಡಿ ಮುಗಿಸಿದೆ. ಈ ಸಲ ಹರುಕೊಳನ್ನೇ ಹಿಡಿದುಕೊಂಡು ನೋಡಿದೆ. ಹಲ್ಲಿನ ದೃಶ್ಯ ಬಂದಾಗ ಮತ್ತೆ ನಗು ಬಂತು. ತಡೆದುಕೊಳ್ಳಲಿಲ್ಲ. ಆದರೆ ಗಮನಿಸಿದ್ದು ಒಂದು: ಆ ಊಟಕ್ಕೆ ಕೂತವರಲ್ಲಿ ಹರುಕೊ ಇಲ್ಲ. ಮೊದಲ ಸಲ ಇದು ನನ್ನ ತಲೆಗೇ ಹೋಗಿರಲಿಲ್ಲ.

ಮೇಷ್ಟ್ರೇ, ಆ ಜಡ್ಜ್ ವಿಷಯ ಅಮ್ಮನಿಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ‘ಅವರ ಹೆಂಡತಿ ಮಕ್ಕಳು ಏನು ತಿಂದರು?’ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಅಕ್ಕ, ನೀವು ಹೇಳಿದ ಸಾಕ್ಷ್ಯಚಿತ್ರ ಭಾನುವಾರ ನೋಡುತ್ತೇನೆ. ನೋಡಿ ಇಲ್ಲೇ ಬರೆಯುತ್ತೇನೆ.